ಬೊಲೋನ್ಯಾ: ಮನೆಯವರ ಜಾಗದಲ್ಲಿ ಊರಿನ ದಾರಿ

ಫ್ಲಾರೆನ್ಸ್ ನೋಡಿ ವೆನಿಸ್‌ಗೆ ಹೊರಟವರ ರೈಲು ನಡುದಾರಿಯಲ್ಲಿ ಬೊಲೋನ್ಯಾದ ನಿಲ್ದಾಣದಲ್ಲಿ ಕೆಲವು ನಿಮಿಷ ನಿಂತು ಮುಂದೆ ಸಾಗುತ್ತದೆ. ಬಹಳ ಮಂದಿ ಕಿಟಕಿಯಾಚೆಯ ಕಾಂಕ್ರೀಟ್ ಗೋಡೆಯನ್ನು ನೋಡಿ, ಮತ್ತೆ ಮೊಬೈಲಿಗೆ ಮರಳುತ್ತಾರೆ. ಉತ್ತರ ಇಟಲಿಯಲ್ಲಿ ಒಂದೇ ದಿನ ಕೈಯಲ್ಲಿದ್ದರೂ ಇಲ್ಲಿಯೇ ಇಳಿಯಿರಿ ಎನ್ನುವವರ ಪೈಕಿ ನಾನು. ವೆನಿಸ್‌ನ ಸೊಬಗನ್ನು ಯಾರೂ ವಿವರಿಸಿ ಹೇಳಬೇಕಿಲ್ಲ, ಅದು ತಾನಾಗಿಯೇ ಕಣ್ಣಿಗೆ ಬೀಳುತ್ತದೆ. ಬೊಲೋನ್ಯಾ ಸುಲಭಕ್ಕೆ ಬಾಯಿ ಬಿಡದ ಊರು. ಅದನ್ನು ಅರಿಯಲು ದಿನವಿಡೀ ಒಂದು ಪ್ರಶ್ನೆಯನ್ನು ಜೊತೆಗಿಟ್ಟುಕೊಂಡು ನಡೆಯಬೇಕು: ಈ ಜಾಗ ಯಾರದು?

ರೈಲಿನಿಂದಿಳಿದು ಹೊರಬೀಳುವಾಗ ನಿಲ್ದಾಣದ ಗೋಡೆಯ ಮೇಲೊಂದು ಗಡಿಯಾರ ಸದಾ 10:25 ತೋರಿಸುತ್ತಿರುತ್ತದೆ. ಕೆಟ್ಟಿದೆ ಎಂದುಕೊಳ್ಳಬೇಡಿ. 1980ರ ಆಗಸ್ಟ್ 2ರಂದು ಆ ಹೊತ್ತಿಗೆ ಇಲ್ಲಿನ ನಿರೀಕ್ಷಣಾ ಕೊಠಡಿಯಲ್ಲಿ ಬಾಂಬ್ ಸಿಡಿದು 85 ಜನ ಸತ್ತರು. ಗಡಿಯಾರವನ್ನು ಹಾಗೆಯೇ ನಿಲ್ಲಿಸಿದ್ದಾರೆ.

ನಿಲ್ದಾಣದಿಂದ ಊರಿನ ನಡುವಿಗೆ ಹೋಗುವ ವಿಯಾ ಇಂಡಿಪೆಂಡೆನ್ಸಾ ಬೀದಿಯಲ್ಲಿ ಕಾಲಿಡುತ್ತಿದ್ದಂತೆಯೇ ನೀವು ಕಮಾನುಗಳ ಕೆಳಗೆ ಸೇರಿಕೊಳ್ಳುತ್ತೀರಿ. ಮಳೆ ಬಂದರೂ ಕೊಡೆ ಬಿಚ್ಚಬೇಕಿಲ್ಲ; ಜುಲೈನ ಉರಿಬಿಸಿಲಿನಲ್ಲಿ ತಲೆ ಸುಡುವುದಿಲ್ಲ. ಅಂಗಡಿಯ ಬಾಗಿಲಿನ ಮುಂದೆ ಕಂಬಗಳ ಸಾಲು, ಕಂಬಗಳ ಮೇಲೆ ಮನೆಯ ಮೊದಲ ಮಹಡಿ, ನಡುವೆ ಓಡಾಡುವ ದಾರಿ. ಇಂಥ ಮೊಗಸಾಲೆಗಳಿಗೆ ಇಟಲಿಯವರು ಪೋರ್ಟಿಕೊ ಎನ್ನುತ್ತಾರೆ. ಇಟಲಿಯ ಬೇರೆ ಊರುಗಳಲ್ಲೂ ಇವು ಅಲ್ಲೊಂದು ಇಲ್ಲೊಂದು ಇವೆ. ಬೊಲೋನ್ಯಾದಲ್ಲಿ ಮಾತ್ರ ಒಟ್ಟು ಸುಮಾರು 62 ಕಿಲೋಮೀಟರ್‌ನಷ್ಟಿದ್ದು, ಅದರಲ್ಲಿ 38 ಕಿಲೋಮೀಟರ್‌ನಷ್ಟು ಹಳೆಯ ಊರಿನೊಳಗೇ ಇದೆ. 2021ರಲ್ಲಿ ಯುನೆಸ್ಕೊ ಇವನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಸೋಜಿಗ ಇರುವುದು ಉದ್ದದಲ್ಲಲ್ಲ, ಹಕ್ಕುಪತ್ರದಲ್ಲಿ. ನೀವು ನಡೆಯುತ್ತಿರುವ ಆ ನೆಲ, ತಲೆಯ ಮೇಲಿನ ಚಾವಣಿ, ಪಕ್ಕದ ಕಂಬ ಬಹುಮಟ್ಟಿಗೆ ಖಾಸಗಿ ಸ್ವತ್ತು. ಅದರ ಮೇಲೆ ನಡೆಯುವ ಹಕ್ಕು ಮಾತ್ರ ಸಾರ್ವಜನಿಕರದು.

ಒತ್ತುವರಿಗೆ ಹಾಕಿದ ಷರತ್ತು

ಇದು ಹೇಗಾಯಿತೆಂದು ತಿಳಿಯಲು ಸಾವಿರ ವರ್ಷ ಹಿಂದಕ್ಕೆ ಹೋಗಬೇಕು. 11 ಮತ್ತು 12ನೇ ಶತಮಾನಗಳಲ್ಲಿ ಊರಿಗೆ ಜನ ನುಗ್ಗತೊಡಗಿದರು. ಹಳ್ಳಿಯಿಂದ ಕುಶಲಕರ್ಮಿಗಳು ಬಂದರು, ಯುರೋಪಿನ ಮೂಲೆಮೂಲೆಯಿಂದ ಕಾನೂನು ಕಲಿಯುವ ವಿದ್ಯಾರ್ಥಿಗಳು ಬಂದರು. ಬಾಡಿಗೆಗೆ ಕೋಣೆ ಬೇಕಾಯಿತು. ಕೋಟೆಯೊಳಗೆ ನಿವೇಶನವಿಲ್ಲ. ಮನೆಯವರು ಮೇಲಿನ ಮಹಡಿಯ ತೊಲೆಗಳನ್ನು ಬೀದಿಯ ಕಡೆಗೆ ಚಾಚಿ ಗಾಳಿಯಲ್ಲಿ ಕೋಣೆ ಕಟ್ಟಿದರು. ಕೋಣೆ ದೊಡ್ಡದಾದಂತೆ ತೊಲೆ ಭಾರ ತಾಳಲಿಲ್ಲ. ಕೆಳಗಿನಿಂದ ಮರದ ಕಂಬ ಊರಿದರು. ಕಂಬ ನಿಂತದ್ದು ಬೀದಿಯಲ್ಲಿ. ಕಂಬಕ್ಕೂ ಗೋಡೆಗೂ ನಡುವಿನ ಜಾಗದಲ್ಲಿ ಚಮ್ಮಾರ, ಬಡಗಿ, ನೇಯ್ಗೆಯವನು ಕೆಲಸದ ಸಾಮಾನು ಹರಡಿಕೊಂಡರು. ಒಳಗಿನ ಕತ್ತಲೆಗಿಂತ ಹೊರಗಿನ ಬೆಳಕು ವಾಸಿಯಲ್ಲವೇ?

ಇದನ್ನು ಕಂಡ ಬಹುತೇಕ ಊರುಗಳ ಆಡಳಿತಗಳು ಕಡೆಗೆ ಒಂದೇ ದಾರಿ ಹಿಡಿದವು: ಚಾಚಿದ್ದನ್ನು ಕೆಡವಿಸುವುದು, ಬೀದಿ ಅಗಲ ಮಾಡುವುದು. ಬೊಲೋನ್ಯಾ ತಿರುವು ಕೊಟ್ಟಿತು. 1288ರ ಅದರ ಕಾನೂನು, ಇನ್ನು ಮುಂದೆ ಕಟ್ಟುವ ಪ್ರತಿ ಮನೆಗೂ ಮೊಗಸಾಲೆ ಇರಲೇಬೇಕು, ಇಲ್ಲದ ಮನೆಗಳು ಸೇರಿಸಿಕೊಳ್ಳಬೇಕು ಎಂದಿತು. ಎತ್ತರ ಕನಿಷ್ಠ ಏಳು ಬೊಲೋನ್ಯಾ ಅಡಿ ಇರಬೇಕು. ಅಲ್ಲಿನ ಅಡಿಯೆಂದರೆ ಸುಮಾರು 38 ಸೆಂಟಿಮೀಟರ್, ಆದ್ದರಿಂದ ಇಂದಿನ ಲೆಕ್ಕದಲ್ಲಿ 2.66 ಮೀಟರ್. ಕುದುರೆಯ ಮೇಲೆ ಕೂತವನು ತಲೆ ತಗ್ಗಿಸದೆ ಹಾದುಹೋಗಲು ಅಷ್ಟು ಬೇಕು. ಕಟ್ಟುವ ಮತ್ತು ದುರಸ್ತಿಯಲ್ಲಿಡುವ ಖರ್ಚು ಮನೆಯವನದು, ದಾರಿ ಎಲ್ಲರದು, ಅದನ್ನು ಮುಚ್ಚುವಂತಿಲ್ಲ.

ನಮ್ಮ ಕಡೆ ಅಕ್ರಮ-ಸಕ್ರಮ ಎಂದರೆ ದಂಡ ಕಟ್ಟಿಸಿಕೊಂಡು ಕಣ್ಣುಮುಚ್ಚುವುದು ಎಂಬ ಹೆಸರು ಬಂದುಬಿಟ್ಟಿದೆ. ಬೊಲೋನ್ಯಾದವರು 13ನೇ ಶತಮಾನದಲ್ಲಿ ಮಾಡಿದ್ದೂ ಒಂದು ಬಗೆಯ ಸಕ್ರಮವೇ, ಆದರೆ ಅವರು ದಂಡದ ಬದಲು ನೆಲಮಹಡಿಯನ್ನೇ ಕೇಳಿದರು. ಮೇಲಿನ ಕೋಣೆ ನಿನ್ನದಾಗಲಿ, ಕೆಳಗಿನ ನೆಲದಲ್ಲಿ ಊರಿಗೆ ದಾರಿ ಬಿಡು. ಮನೆಯವನಿಗೆ ಬಾಡಿಗೆಯ ಕೋಣೆ ಸಿಕ್ಕಿತು, ಅಂಗಡಿಗೆ ನೆರಳು ಸಿಕ್ಕಿತು, ನಡೆಯುವವನಿಗೆ ಕೆಸರಿಲ್ಲದ ದಾರಿ ಸಿಕ್ಕಿತು. ಎಲ್ಲರಿಗೂ ಲಾಭವಿದ್ದುದರಿಂದಲೇ ಆ ಕಾನೂನು ಏಳು ಶತಮಾನ ಬಾಳಿತು ಎಂದು ನನಗನ್ನಿಸುತ್ತದೆ. ಕೇವಲ ಹೆದರಿಕೆಯಿಂದ ಅಷ್ಟು ಕಾಲ ಯಾರೂ ಕಂಬ ನಿಲ್ಲಿಸುವುದಿಲ್ಲ.

1568ರಲ್ಲಿ, ಆಗ ಊರನ್ನು ಆಳುತ್ತಿದ್ದ ಪೋಪರ ಆಡಳಿತ ಮರದ ಕಂಬಗಳನ್ನು ತೆಗೆದು ಇಟ್ಟಿಗೆಯ ಅಥವಾ ಕಲ್ಲಿನ ಕಂಬ ಹಾಕಬೇಕೆಂದು ಆಜ್ಞೆ ಹೊರಡಿಸಿತು. ಅದನ್ನು ತಪ್ಪಿಸಿಕೊಂಡು ಉಳಿದ ಕೆಲವೇ ಮನೆಗಳಲ್ಲಿ ಸ್ತ್ರಾದಾ ಮಜ್ಜೋರೆ ಬೀದಿಯ ಕಾಸಾ ಇಸೊಲಾನಿ ಒಂದು. 13ನೇ ಶತಮಾನದ ಆ ಮನೆಯ ಮುಂದೆ ನಿಂತು ಕತ್ತೆತ್ತಿದರೆ ಸುಮಾರು ಒಂಬತ್ತು ಮೀಟರ್ ಎತ್ತರದ ಓಕ್ ಮರದ ಕಂಬಗಳು ಮೂರನೇ ಮಹಡಿಯನ್ನು ಹೊತ್ತು ನಿಂತಿರುವುದು ಕಾಣುತ್ತದೆ. ಚಾವಣಿಯಲ್ಲಿ ಮೂರು ಬಾಣಗಳು ಸಿಕ್ಕಿಕೊಂಡಿವೆ ಎಂದು ಮಾರ್ಗದರ್ಶಿಗಳು ಒಂದು ಕಥೆ ಹೇಳುತ್ತಾರೆ: ದಾರಿ ತಪ್ಪಿದ ಹೆಂಡತಿಯನ್ನು ಕೊಲ್ಲಲು ಗಂಡ ಬಿಲ್ಲುಗಾರರನ್ನು ಕಳಿಸಿದನಂತೆ, ಅವಳು ಬೆತ್ತಲೆಯಾಗಿ ಕಿಟಕಿಯಲ್ಲಿ ಕಾಣಿಸಿಕೊಂಡಾಗ ಅವರ ಗುರಿ ತಪ್ಪಿತಂತೆ. ಕಥೆಯನ್ನು ನಂಬಬೇಕಾಗಿಲ್ಲ. ಜನರು ಬಾಣ ಹುಡುಕುತ್ತ ಕಂಬಗಳನ್ನೇ ನೋಡದೆ ಹೋಗುತ್ತಾರೆ ಎಂಬುದೇ ನನ್ನ ತಕರಾರು. ಇಡೀ ಊರು ಒಂದು ಕಾಲಕ್ಕೆ ಹೇಗಿತ್ತೆಂದು ಹೇಳುವ ಸಾಕ್ಷಿ ಅವು.

ಎಲ್ಲ ಮೊಗಸಾಲೆಗಳೂ ಒಂದೇ ಅಳತೆಯವಲ್ಲ. ವಿಯಾ ಸೆಂಜಾನೊಮೆ ಎಂಬ ಗಲ್ಲಿಯಲ್ಲಿರುವುದು ಒಂದು ಮೀಟರಿಗೂ ಕಡಿಮೆ ಅಗಲ. ಎದುರಿನಿಂದ ಯಾರಾದರೂ ಬಂದರೆ ಒಬ್ಬರು ಬೀದಿಗಿಳಿಯಬೇಕು.

ಮೇಲಕ್ಕೆ ಬೆಳೆದ ಹಟ

ಮೊಗಸಾಲೆ ಒಪ್ಪಂದದ ಕಟ್ಟಡವಾದರೆ ಗೋಪುರಗಳು ಒಪ್ಪಂದಕ್ಕೂ ಮುಂಚಿನವು. 12ನೇ ಶತಮಾನದಲ್ಲಿ ಬೊಲೋನ್ಯಾದ ಸಿರಿವಂತ ಮನೆತನಗಳು ಒಬ್ಬರನ್ನೊಬ್ಬರು ಮೀರಿಸುವಂತೆ ಗೋಪುರ ಎಬ್ಬಿಸಿದವು. ಪೋಪರ ಕಡೆಯವರು, ಚಕ್ರವರ್ತಿಯ ಕಡೆಯವರು ಎಂದು ಊರು ಇಬ್ಭಾಗವಾಗಿದ್ದ ಕಾಲ. ಬೀದಿಯಲ್ಲಿ ಹೊಡೆದಾಟವಾದರೆ ಓಡಿ ಒಳಸೇರಲು, ಮೇಲಿಂದ ಕಲ್ಲು ಸುರಿಯಲು, ಎಲ್ಲಕ್ಕಿಂತ ಹೆಚ್ಚಾಗಿ ಹೆಮ್ಮೆ ಮೆರೆಯಲು ಅವು ಬೇಕಾಗಿದ್ದವು. 180 ಇದ್ದವೆಂದು 19ನೇ ಶತಮಾನದ ವಿದ್ವಾಂಸರೊಬ್ಬರು ಲೆಕ್ಕಹಾಕಿದ್ದರು. ಈಗಿನ ಸಂಶೋಧಕರು ಅದನ್ನು ನೂರರ ಒಳಕ್ಕೆ ಇಳಿಸಿದ್ದಾರೆ. ಉಳಿದಿರುವವು ಇಪ್ಪತ್ತರ ಆಸುಪಾಸು.

ಊರಿನ ಗುರುತಾಗಿರುವ ಜೋಡಿ ಅಸಿನೆಲ್ಲಿ ಮತ್ತು ಗರಿಸೆಂದಾ. ಅಸಿನೆಲ್ಲಿ 97 ಮೀಟರ್ ಎತ್ತರ, 498 ಮೆಟ್ಟಿಲು. ಪಕ್ಕದ ಗರಿಸೆಂದಾ 48 ಮೀಟರ್. ಮೊದಲು ಅದು 60 ಮೀಟರಿನಷ್ಟಿತ್ತು. ಕಟ್ಟುವಾಗಲೇ ನೆಲ ಕುಸಿದು ವಾಲಿದ್ದರಿಂದ 14ನೇ ಶತಮಾನದ ಮಧ್ಯದಲ್ಲಿ ಮೇಲಿನ ಭಾಗವನ್ನು ಕತ್ತರಿಸಿದರು. ಕತ್ತರಿಸುವ ಮೊದಲು ಅದನ್ನು ಕಂಡಿದ್ದ ಕವಿ ಡಾಂಟೆ ತನ್ನ ಮಹಾಕಾವ್ಯದಲ್ಲಿ, ವಾಲಿದ ಬದಿಯ ಕೆಳಗೆ ನಿಂತಾಗ ಮೋಡವೊಂದು ಎದುರಿಗೆ ಹಾದರೆ ಗೋಪುರವೇ ಮೈಮೇಲೆ ಬಾಗಿದಂತೆ ಕಾಣುತ್ತದೆ ಎಂದು ಬರೆದ. ಬಾಗುವ ದೈತ್ಯನೊಬ್ಬನಿಗೆ ಅದು ಹೋಲಿಕೆ.

ಇಷ್ಟು ಭಾರವನ್ನು ಆ ಕಾಲದಲ್ಲಿ ಹೇಗೆ ನಿಲ್ಲಿಸಿದರು? ಗುಂಡಿ ತೋಡಿ, ನೆಲಕ್ಕೆ ಮರದ ಗೂಟಗಳನ್ನು ಹೊಡೆದು, ಮೇಲೆ ಕಲ್ಲು ಮತ್ತು ಸುಣ್ಣದ ಗಾರೆ ತುಂಬಿ ಅಡಿಪಾಯ ಮಾಡಿದರು. ಬುಡಕ್ಕೆ ಸುತ್ತಲ ಬೆಟ್ಟಗಳಲ್ಲಿ ಸಿಗುವ ಸೆಲೆನೈಟ್ ಕಲ್ಲು. ಮೇಲೆ ಎರಡು ಗೋಡೆ, ಒಳಗಿನದು ದಪ್ಪ, ಹೊರಗಿನದು ತೆಳು; ನಡುವಿನ ಜಾಗಕ್ಕೆ ಕಲ್ಲುಚೂರು, ಗಾರೆ. ಎತ್ತರ ಹೋದಂತೆ ಗೋಡೆ ತೆಳುವಾಗುತ್ತದೆ. ಸೆಲೆನೈಟ್ ಎಂಬುದು ಜಿಪ್ಸಮ್‌ನ ಒಂದು ರೂಪ. ತೇವಕ್ಕೂ ಬೆಂಕಿಗೂ ಆಗಿಬರುವ ಕಲ್ಲಲ್ಲ. ಗರಿಸೆಂದಾದ ಈಗಿನ ಕಾಯಿಲೆಯ ಮೂಲ ಅಲ್ಲಿದೆ. 2023ರ ಅಕ್ಟೋಬರ್‌ನಲ್ಲಿ ಅಳತೆಯ ಉಪಕರಣಗಳು ಅಸಹಜ ಚಲನೆ ತೋರಿಸಿದ ಮೇಲೆ ಸುತ್ತಲ ಜಾಗವನ್ನು ಮುಚ್ಚಿ ಬೇಲಿ ಹಾಕಿದರು. ಬಲಪಡಿಸಲು ಪೀಸಾ ಗೋಪುರವನ್ನು ಉಳಿಸಿದಾಗ ಬಳಸಿದ್ದ ಉಕ್ಕಿನ ಸಲಕರಣೆಯನ್ನೇ ತರಿಸಿಕೊಂಡರು. ನೆರೆಯ ಅಸಿನೆಲ್ಲಿ ಹತ್ತುವುದೂ ಆಗಿನಿಂದ ನಿಂತಿದೆ. ಮೇಲಿಂದ ಊರು ನೋಡಲೇಬೇಕೆನ್ನುವವರು ಮುಖ್ಯ ಚೌಕದಲ್ಲಿರುವ ಪಲಾಜ್ಜೊ ದಕ್ಕೂರ್ಸಿಯೊದ ಗಡಿಯಾರ ಗೋಪುರವನ್ನು ವಿಚಾರಿಸಬಹುದು.

ಹೆಮ್ಮೆಗೆಂದು ಕಟ್ಟಿದ ಗೋಪುರ ಮುಂದೆ ಬೇರೆಯದೇ ಕೆಲಸಕ್ಕೆ ಒದಗಿತು. 1791ರಲ್ಲಿ ಜೊವಾನ್ನಿ ಬತ್ತಿಸ್ತಾ ಗುಲ್ಯೆಲ್ಮೀನಿ ಎಂಬ ವಿಜ್ಞಾನಿ ಅಸಿನೆಲ್ಲಿಯ ಒಳಗೆ ಮೇಲಿನಿಂದ ಲೋಹದ ಗುಂಡುಗಳನ್ನು ಬೀಳಿಸಿ, ಅವು ನೇರ ಕೆಳಗೆ ಬೀಳದೆ ತುಸು ಪೂರ್ವಕ್ಕೆ ಬೀಳುವುದನ್ನು ಅಳೆದ. ಭೂಮಿ ಪಶ್ಚಿಮದಿಂದ ಪೂರ್ವಕ್ಕೆ ತಿರುಗುತ್ತಿದ್ದರೆ ಗೋಪುರದ ತುದಿ ಬುಡಕ್ಕಿಂತ ದೊಡ್ಡ ಸುತ್ತು ಹಾಕುತ್ತದೆ, ಅಂದರೆ ಕೊಂಚ ಹೆಚ್ಚು ವೇಗ. ತುದಿಯಿಂದ ಬಿಟ್ಟ ಗುಂಡು ಆ ಹೆಚ್ಚಿನ ವೇಗವನ್ನು ಹೊತ್ತೇ ಬೀಳುತ್ತದೆ. ಭೂಮಿಯ ತಿರುಗಾಟಕ್ಕೆ ನೆಲದ ಮೇಲೆಯೇ ಸಿಕ್ಕ ಮೊದಮೊದಲ ಪುರಾವೆಗಳಲ್ಲಿ ಇದೊಂದು.

ಚೌಕದಲ್ಲಿ

ಪಿಯಾಜ್ಜಾ ಮಜ್ಜೋರೆಗೆ ಬಂದರೆ ಊರಿನ ಅಧಿಕಾರವೆಲ್ಲ ಒಂದೇ ನೋಟಕ್ಕೆ ಸಿಗುತ್ತದೆ. ಒಂದು ಬದಿ ನಗರಾಡಳಿತದ ಕಟ್ಟಡ, ಇನ್ನೊಂದು ಬದಿ ಪಲಾಜ್ಜೊ ರೆ ಎಂಜೊ. ಚಕ್ರವರ್ತಿ ಎರಡನೇ ಫ್ರೆಡರಿಕ್‌ನ ಮಗ ಎಂಜೊನನ್ನು 1249ರ ಯುದ್ಧದಲ್ಲಿ ಸೆರೆಹಿಡಿದ ಬೊಲೋನ್ಯಾದವರು 1272ರಲ್ಲಿ ಅವನು ಸಾಯುವವರೆಗೂ ಬಿಡಲಿಲ್ಲ. ಇದೇ ಧಿಮಾಕಿನ ಊರು 1256ರಲ್ಲಿ ಸುಮಾರು ಆರು ಸಾವಿರ ಜೀತದಾಳುಗಳನ್ನು ಅವರ ಒಡೆಯರಿಗೆ ಹಣ ಕೊಟ್ಟು ಬಿಡಿಸಿತು. ಕರುಣೆಯ ಜೊತೆ ಲೆಕ್ಕಾಚಾರವೂ ಇತ್ತು, ಸ್ವತಂತ್ರನಾದವನು ತೆರಿಗೆ ಕಟ್ಟುತ್ತಾನೆ. ಪಕ್ಕದಲ್ಲಿ ಜಾಂಬೊಲೋನ್ಯಾ ಎರಕಹೊಯ್ದ ನೆಪ್ಚೂನ್ ಪ್ರತಿಮೆಯ ಕಾರಂಜಿ. ಅವನ ಕೈಯ ತ್ರಿಶೂಲವೇ ಈ ಊರಿನಲ್ಲಿ 1914ರಲ್ಲಿ ಹುಟ್ಟಿದ ಮಸೆರಾಟಿ ಕಾರಿನ ಲಾಂಛನವಾಯಿತು.

ನಗರಭವನದ ಬಾಗಿಲ ಮೇಲೆ ಕೂತಿರುವ ಕಂಚಿನ ಪ್ರತಿಮೆ ಪೋಪ್ ಹದಿಮೂರನೇ ಗ್ರೆಗರಿಯದು. ನಮ್ಮ ಗೋಡೆಯ ಕ್ಯಾಲೆಂಡರ್ ಇವರ ಹೆಸರಿನದೇ, ಹುಟ್ಟಿದ್ದು ಬೊಲೋನ್ಯಾದಲ್ಲಿ. 1796ರಲ್ಲಿ ನೆಪೋಲಿಯನ್‌ನ ಸೈನ್ಯ ಬಂದಾಗ ಪೋಪರ ಪ್ರತಿಮೆ ಉಳಿಯುವುದಿಲ್ಲವೆಂದು ಊರಿನವರು ಅದಕ್ಕೆ ಬಿಷಪ್ಪನ ಕಿರೀಟ, ದಂಡ ತೊಡಿಸಿ ‘ಇವರು ನಮ್ಮ ಊರಿನ ಸಂತ ಪೆತ್ರೋನಿಯೊ’ ಎಂದು ಹೇಳಿ ಉಳಿಸಿಕೊಂಡರು.

ಎದುರಿಗಿರುವ ಸಾನ್ ಪೆತ್ರೋನಿಯೊ ಬಸಿಲಿಕಾದ ಮುಖ ಕೆಳಗರ್ಧ ಅಮೃತಶಿಲೆ, ಮೇಲರ್ಧ ಬರಿ ಇಟ್ಟಿಗೆ. 1390ರಲ್ಲಿ ಆರಂಭವಾದ ಕೆಲಸ ಮುಗಿಯಲೇ ಇಲ್ಲ. ರೋಮ್‌ನ ಸಂತ ಪೀಟರ್ ಬಸಿಲಿಕಾವನ್ನು ಮೀರಿಸಲು ಹೊರಟಿದ್ದರೆಂದೂ, ಅದನ್ನು ತಡೆಯಲೆಂದೇ ಪೋಪ್ ನಾಲ್ಕನೇ ಪಿಯುಸ್ ಪಕ್ಕದಲ್ಲಿ ವಿಶ್ವವಿದ್ಯಾಲಯದ ಕಟ್ಟಡ ಎಬ್ಬಿಸಿದರೆಂದೂ ಊರಿನವರು ಹೇಳುತ್ತಾರೆ. ಪೂರ್ವದ ಬದಿಗೆ ಹೋದರೆ ಅರ್ಧಕ್ಕೇ ನಿಂತ ಗೋಡೆ ಕಾಣುತ್ತದೆ. ಇಷ್ಟು ದೊಡ್ಡ ಚರ್ಚು ಬಿಷಪ್ಪನದಲ್ಲ ಎಂಬುದು ನಮ್ಮ ಪ್ರಶ್ನೆಗೆ ಮುಖ್ಯ. ಬಿಷಪ್ಪನ ಕ್ಯಾಥೆಡ್ರಲ್ ಬೇರೆಯಿದೆ. ಇದನ್ನು ಕಟ್ಟಿಸಿದ್ದು ನಗರಸಭೆ, ಒಡೆತನವೂ ಅದರದೇ ಆಗಿತ್ತು. ಚರ್ಚಿನ ಆಡಳಿತಕ್ಕೆ ಹಸ್ತಾಂತರವಾದದ್ದು 1929ರಲ್ಲಿ, ವಿಧಿಪೂರ್ವಕ ಪ್ರತಿಷ್ಠೆ ಆದದ್ದು 1954ರಲ್ಲಿ.

ಒಳಗೆ ಎಡಬದಿಯ ಸಾಲಿನಲ್ಲಿ ನೆಲವನ್ನು ನೋಡಿ. ಕಲ್ಲಿನಲ್ಲಿ ಹುದುಗಿಸಿದ ಒಂದು ಗೆರೆ, ಸುಮಾರು 67 ಮೀಟರ್ ಉದ್ದ, ಎರಡು ಕಂಬಗಳ ನಡುವೆ ಓರೆಯಾಗಿ ನುಸುಳಿಕೊಂಡು ಹೋಗುತ್ತದೆ. 1655ರಲ್ಲಿ ಖಗೋಳ ವಿಜ್ಞಾನಿ ಜೊವಾನ್ನಿ ದೊಮೇನಿಕೊ ಕಸೀನಿ ಹಾಕಿದ ಮಧ್ಯಾಹ್ನ ರೇಖೆ ಇದು. ಚಾವಣಿಯಲ್ಲಿ 27 ಮೀಟರ್ ಎತ್ತರದಲ್ಲಿ ಒಂದು ಚಿಕ್ಕ ರಂಧ್ರವಿದೆ. ಸೂರ್ಯ ನಡುನೆತ್ತಿಯ ರೇಖೆಯನ್ನು ದಾಟುವ ಗಳಿಗೆಯಲ್ಲಿ ಅದರಿಂದ ಇಳಿದ ಬೆಳಕು ಈ ಗೆರೆಯನ್ನು ಹಾಯುತ್ತದೆ. ಬೇಸಿಗೆಯಲ್ಲಿ ಸೂರ್ಯ ಮೇಲಿರುವುದರಿಂದ ಬೆಳಕು ರಂಧ್ರದ ಬುಡದ ಹತ್ತಿರ, ಚಳಿಗಾಲದಲ್ಲಿ ಗೆರೆಯ ಇನ್ನೊಂದು ತುದಿಯಲ್ಲಿ. ದಿನದಿನದ ಜಾಗ ಗುರುತಿಸಿದರೆ ವಿಷುವತ್ ಸಂಕ್ರಾಂತಿ ಯಾವಾಗ ಎಂದು ನಿಖರವಾಗಿ ತಿಳಿಯುತ್ತದೆ. ಈಸ್ಟರ್ ಹಬ್ಬದ ದಿನಾಂಕ ವಸಂತದ ವಿಷುವತ್ತನ್ನು ನಂಬಿಕೊಂಡಿದೆ. ಚರ್ಚಿಗೆ ಇಂಥ ಗೆರೆ ಬೇಕಾದದ್ದು ಅದಕ್ಕೆ.

ಕಸೀನಿಗೆ ಬೇರೊಂದು ಕುತೂಹಲವೂ ಇತ್ತು. ಸೂರ್ಯ ಆಕಾಶದಲ್ಲಿ ಬೇಸಿಗೆಯಲ್ಲಿ ನಿಧಾನವಾಗಿ, ಚಳಿಗಾಲದಲ್ಲಿ ವೇಗವಾಗಿ ಸರಿಯುವಂತೆ ತೋರುತ್ತದೆ. ಭೂಮಿಯೇ ಕೇಂದ್ರವೆನ್ನುವ ಹಳೆಯ ಟಾಲೆಮಿಯ ಪದ್ಧತಿಯವರು, ವೇಗ ಒಂದೇ, ದೂರ ಹೆಚ್ಚುಕಡಿಮೆಯಾಗುವುದರಿಂದ ಹಾಗೆ ಕಾಣುತ್ತದೆ ಎನ್ನುತ್ತಿದ್ದರು. ಖಗೋಳ ವಿಜ್ಞಾನಿ ಕೆಪ್ಲರ್, ಅರ್ಧ ಪಾಲು ದೂರದಿಂದ, ಇನ್ನರ್ಧ ನಿಜವಾಗಿಯೂ ವೇಗ ಬದಲಾಗುವುದರಿಂದ ಎಂದಿದ್ದ. ತೀರ್ಮಾನಿಸುವುದು ಹೇಗೆ? ದೂರ ಬದಲಾದರೆ ಸೂರ್ಯನ ತೋರುವ ಗಾತ್ರವೂ ಬದಲಾಗಬೇಕು. ವೇಗದ ವ್ಯತ್ಯಾಸ ಎಷ್ಟೋ ಗಾತ್ರದ ವ್ಯತ್ಯಾಸವೂ ಅಷ್ಟೇ ಇದ್ದರೆ ಟಾಲೆಮಿ ಸರಿ. ಅರ್ಧದಷ್ಟಿದ್ದರೆ ಕೆಪ್ಲರ್ ಸರಿ. ನೆಲದ ಮೇಲೆ ಬಿದ್ದ ಸೂರ್ಯಬಿಂಬವನ್ನು ಅಳೆದಾಗ ಅರ್ಧದಷ್ಟೇ ಬಂತು. ಭೂಮಿ ಸೂರ್ಯನನ್ನು ಸುತ್ತುತ್ತದೆ ಎಂದದ್ದಕ್ಕೆ ಚರ್ಚಿನಿಂದ ಗೆಲಿಲಿಯೊಗೆ ಶಿಕ್ಷೆಯಾಗಿ ಇಪ್ಪತ್ತೆರಡು ವರ್ಷವಷ್ಟೇ ಕಳೆದಿತ್ತು, ಊರು ಪೋಪರ ಆಳ್ವಿಕೆಯಲ್ಲಿತ್ತು. ಆದರೂ ಚರ್ಚಿನ ನೆಲದ ಮೇಲೆಯೇ ಕೆಪ್ಲರ್‌ಗೆ ಬೆಂಬಲ ಸಿಕ್ಕಿತು. ಬಿಸಿಲಿದ್ದರೆ ಚಳಿಗಾಲದಲ್ಲಿ ಹನ್ನೆರಡೂಕಾಲರ ಸುಮಾರಿಗೆ, ಬೇಸಿಗೆಯ ಗಡಿಯಾರದಲ್ಲಿ ಒಂದೂಕಾಲರ ಸುಮಾರಿಗೆ ಅಲ್ಲಿರಿ. ಬೆಳಕು ಗೆರೆ ದಾಟುವುದನ್ನು ಕಣ್ಣಾರೆ ಕಾಣಬಹುದು.

ಪಕ್ಕದ ಆರ್ಕಿಜಿನ್ನಾಸಿಯೊ ಕಟ್ಟಡ ಒಂದು ಕಾಲಕ್ಕೆ ವಿಶ್ವವಿದ್ಯಾಲಯದ್ದಾಗಿತ್ತು. ಯುರೋಪಿನ ಅತಿ ಹಳೆಯ ವಿಶ್ವವಿದ್ಯಾಲಯ 1088ರಲ್ಲಿ ಸ್ಥಾಪನೆಯಾಯಿತು ಎಂದು ಫಲಕಗಳು ಹೇಳುತ್ತವೆ. ಆ ವರ್ಷವನ್ನು 19ನೇ ಶತಮಾನದಲ್ಲಿ ಒಂದು ಸಮಿತಿ ಗೊತ್ತುಮಾಡಿತು. ಎಂಟುನೂರನೇ ವರ್ಷದ ಉತ್ಸವಕ್ಕೆ ಒಂದು ತಾರೀಖು ಬೇಕಿತ್ತು. ನಿಜಕ್ಕೂ ಯಾರೂ ಅದನ್ನು ‘ಸ್ಥಾಪಿಸಲಿಲ್ಲ’. ಹೊರದೇಶದ ವಿದ್ಯಾರ್ಥಿಗಳಿಗೆ ಇಲ್ಲಿ ನಾಗರಿಕ ಹಕ್ಕು ಇರಲಿಲ್ಲ; ಒಬ್ಬ ಜರ್ಮನ್ ಸಾಲ ಮಾಡಿ ಓಡಿದರೆ ಇನ್ನೊಬ್ಬ ಜರ್ಮನ್‌ನ ಸ್ವತ್ತು ಜಪ್ತಿಯಾಗಬಹುದಿತ್ತು. ತಮ್ಮ ರಕ್ಷಣೆಗೆ ಅವರೇ ಸಂಘ ಕಟ್ಟಿಕೊಂಡು, ಮುಖ್ಯಸ್ಥನನ್ನು ಆರಿಸಿ, ಗುರುಗಳಿಗೆ ಹಣ ಕೊಟ್ಟು ಪಾಠ ಹೇಳಿಸಿಕೊಂಡರು. ತಡವಾಗಿ ಬಂದ ಗುರುವಿಗೆ ದಂಡ. ಬೇರೆ ಊರಿಗೆ ಹೋಗುತ್ತೇವೆಂದು ಸಂಘ ಬೆದರಿಸಿದರೆ ನಗರಾಡಳಿತವೂ ನಡುಗಬೇಕಾಗಿತ್ತು, ಬಾಡಿಗೆಯ ಕೋಣೆಗಳೆಲ್ಲ ಖಾಲಿಯಾಗುತ್ತವಲ್ಲ. ಶತಮಾನಗಳ ಕಾಲ ಅದಕ್ಕೆ ಸ್ವಂತ ಕಟ್ಟಡವೇ ಇರಲಿಲ್ಲ, ಬಾಡಿಗೆ ಮನೆಗಳಲ್ಲಿ ಪಾಠ. 1563ರಲ್ಲಿ ಎಲ್ಲರನ್ನೂ ಒಂದೇ ಸೂರಿನಡಿ ತಂದದ್ದು ಸೌಕರ್ಯಕ್ಕೂ ಹೌದು, ಕಣ್ಗಾವಲಿಗೂ ಹೌದು. ಒಳಗೆ ಗೋಡೆ ತುಂಬ ವಿದ್ಯಾರ್ಥಿಗಳ ಸುಮಾರು ಆರು ಸಾವಿರ ಲಾಂಛನಗಳಿವೆ. ಮರದಲ್ಲಿ ಕೆತ್ತಿದ ಅಂಗರಚನಾ ಶಾಲೆಯನ್ನು ಬಿಡಬೇಡಿ: 1944ರ ಜನವರಿಯಲ್ಲಿ ಬಾಂಬ್ ಬಿದ್ದು ಪುಡಿಯಾದದ್ದನ್ನು, ಅವಶೇಷಗಳಿಂದ ಆರಿಸಿದ ತುಂಡುಗಳನ್ನೇ ಬಳಸಿ ಮತ್ತೆ ನಿಲ್ಲಿಸಿದ್ದಾರೆ.

ಹೊಟ್ಟೆಗೆ ಚೌಕದ ಪಕ್ಕದ ಕ್ವಾದ್ರಿಲಾತೆರೊ ಗಲ್ಲಿಗಳಿವೆ. ‘ಸ್ಪಾಗೆಟ್ಟಿ ಬೊಲೊನೇಸ್’ ಕೇಳಿದರೆ ಮುಖ ಸಿಂಡರಿಸುತ್ತಾರೆ. ಇಲ್ಲಿನ ಮಾಂಸದ ಗೊಜ್ಜಿಗೆ ಜೊತೆ ತಾಲ್ಯಾತೆಲ್ಲೆ ಎಂಬ ಅಗಲ ಎಳೆಯ ಪಾಸ್ತಾ. ಬೆಂದ ಎಳೆಯ ಅಗಲ 8 ಮಿಲಿಮೀಟರ್ ಇರಬೇಕೆಂದು 1972ರಲ್ಲಿ ವಾಣಿಜ್ಯ ಮಂಡಳಿಯಲ್ಲಿ ನೋಂದಾಯಿಸಿದ್ದಾರೆ. ಅದು ಅಸಿನೆಲ್ಲಿ ಗೋಪುರದ ಎತ್ತರದ 12,270ನೇ ಒಂದು ಪಾಲು. ಮಾಂಸ ತಿನ್ನದವರಿಗೆ ಕುಂಬಳಕಾಯಿ ತುಂಬಿದ ತೊರ್ತೆಲ್ಲೋನಿ ಕೆಲವೆಡೆ ಸಿಗುತ್ತದೆ, ಬೆಣ್ಣೆಯಲ್ಲಿ ಕೊಡಿ ಎಂದು ಹೇಳಬೇಕು.

ಹಿಂದೆ ಮನೆಯಿಲ್ಲದ ಮೊಗಸಾಲೆ

ಮಧ್ಯಾಹ್ನದ ನಂತರ ಪೋರ್ತಾ ಸರಗೊಜ್ಜಾ ಎಂಬ ಹಳೆಯ ಹೆಬ್ಬಾಗಿಲಿಗೆ ನಡೆಯಿರಿ. ಅಲ್ಲಿಂದ ಸಾನ್ ಲೂಕಾ ಬೆಟ್ಟದ ಮೇಲಿನ ಮಾತೆ ಮೇರಿಯ ಗುಡಿಯವರೆಗೆ ಸುಮಾರು 3.8 ಕಿಲೋಮೀಟರ್ ಉದ್ದದ ಮೊಗಸಾಲೆ, 666 ಕಮಾನು. ಮೊದಲರ್ಧ ಸಮತಟ್ಟು, ಮೆಲೊಂಚೆಲ್ಲೊ ಕಮಾನು ದಾಟಿದ ಮೇಲೆ ಏರು. ಮೊಣಕಾಲು ನೋವಿನವರಿಗೆ ಚೌಕದಿಂದ ಚಿಕ್ಕ ಪ್ರವಾಸಿ ಗಾಡಿಯಿದೆ.

1433ರಲ್ಲಿ ಮಳೆ ಬಿಡದೆ ಸುರಿದು ಬೆಳೆ ಕೊಳೆಯುತ್ತಿದ್ದಾಗ ಬೆಟ್ಟದ ಮೇರಿಯ ಚಿತ್ರಪಟವನ್ನು ಮೆರವಣಿಗೆಯಲ್ಲಿ ಊರಿಗೆ ತಂದರು, ಮಳೆ ನಿಂತಿತು ಎಂಬುದು ನಂಬಿಕೆ. ಆಗಿನಿಂದ ಪ್ರತಿ ವರ್ಷ ಪಟ ಇಳಿದು ಬರುತ್ತದೆ, ಈಗ ಮೇ ತಿಂಗಳಿನಲ್ಲಿ. ಮಳೆ ನಿಲ್ಲಿಸಿದ ದೇವಿಯ ಮೆರವಣಿಗೆ ಮಳೆಯಲ್ಲಿ ನೆನೆಯಬಾರದೆಂದು 1674ರಲ್ಲಿ ಈ ಮೊಗಸಾಲೆಯ ಕೆಲಸ ಹಿಡಿದರು. ಊರಿನೊಳಗಿನ ಕಾನೂನು ಇಲ್ಲಿ ನಡೆಯುವಂತಿರಲಿಲ್ಲ. ದಾರಿಯ ಪಕ್ಕ ಮನೆಗಳೇ ಇಲ್ಲ, ಯಾರಿಂದ ಕಟ್ಟಿಸುವುದು? ಆದ್ದರಿಂದ ಕಮಾನುಗಳನ್ನು ಹಂಚಿಕೊಂಡರು. ಶ್ರೀಮಂತ ಮನೆತನಗಳು, ಕಸುಬಿನ ಸಂಘಗಳು, ಭಜನಾ ಮಂಡಳಿಗಳು, ಬಡವರು ತಮ್ಮ ತಮ್ಮ ಶಕ್ತಿಯಂತೆ ಕೊಟ್ಟರು. ಕೊಟ್ಟವರ ಹೆಸರು ಮತ್ತು ಲಾಂಛನಗಳು ಅಲ್ಲಲ್ಲಿ ಇಂದಿಗೂ ಉಳಿದಿವೆ. 1677ರಲ್ಲಿ ಬೆಟ್ಟದ ಮೇಲಿನ ಭಾಗಕ್ಕೆ ಸಾಮಗ್ರಿ ಸಾಗಿಸಲು ಜನರು ಸಾಲಾಗಿ ನಿಂತು ಕೈಯಿಂದ ಕೈಗೆ ದಾಟಿಸಿದರು. 1721ರ ಹೊತ್ತಿಗೆ ಕಮಾನುಗಳು ಬೆಟ್ಟದ ತುದಿ ಮುಟ್ಟಿದವು.

ಮೂರು ಶತಮಾನದ ಮಳೆಗೆ ಇಟ್ಟಿಗೆ ಸವೆದು ದುರಸ್ತಿಗೆ ಬಂದಾಗ ನಗರಸಭೆ 2013ರಲ್ಲಿ ಮತ್ತೆ ಅದೇ ದಾರಿ ಹಿಡಿದು, ಅಂತರ್ಜಾಲದ ಮೂಲಕ ಸಾರ್ವಜನಿಕರ ಮುಂದೆ ಕೈಚಾಚಿತು. ಸಾವಿರಾರು ಜನ ಸೇರಿ ಮೂರು ಲಕ್ಷ ಯೂರೊಗೂ ಹೆಚ್ಚು ಕೊಟ್ಟರು.